ಅಂಗಳ ನಿಜಕ್ಕೂ ಡೊಂಕೇ?

ಹಿಂದೂಪುರದ ರೈಲು ನಿಲ್ದಾಣದ ಬೆಂಚುಗಳ ಮೇಲಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದ ಸುತ್ತಲಿನ ಚಹಾದಂಗಡಿಗಳ ಮುಂದಾಗಲಿ, ಸಂಜೆಯ ಹೊತ್ತು ನಾಲ್ವರು ಹುಡುಗರು ಮೊಬೈಲಿನ ಮೇಲೆ ತಲೆಬಾಗಿಸಿ ಕುಳಿತಿರುವ ನೋಟ ಈಗ ಯಾರಿಗೂ ಹೊಸದಲ್ಲ. ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿನಲ್ಲಿ ಮುಂದುವರಿದು ಹಿಂದಿಯ ಬೈಗುಳದಲ್ಲಿ ಮುಗಿಯುತ್ತದೆ. ಸೋತ ಬಳಿಕ ಕೇಳಿಬರುವ ದೂರುಗಳು ಎರಡೇ. ಎದುರಾಳಿಯ ಕೈಯಲ್ಲಿದ್ದ ಬಂದೂಕು ನ್ಯಾಯದ್ದಲ್ಲ ಎಂಬುದು ಒಂದು; ತಾವು ನಿಂತಿದ್ದ ಜಾಗ ಸರಿಯಿರಲಿಲ್ಲ ಎಂಬುದು ಇನ್ನೊಂದು. ಹಿರಿಯರು ಇದನ್ನು ಕೇಳಿ ನಗುತ್ತಾರೆ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ! ಗಾದೆ ಸುಳ್ಳಲ್ಲ. ಆದರೆ ಗಾದೆಯನ್ನು ತೀರ್ಪಿನಂತೆ ಓದಿಬಿಡುವ ಮೊದಲು ಅಂಗಳವನ್ನು ಒಮ್ಮೆ ಹೋಗಿ ನೋಡಿ ಬರುವುದು ನ್ಯಾಯ. ಕೆಲವು ಅಂಗಳಗಳು ನಿಜಕ್ಕೂ ಡೊಂಕಾಗಿರುತ್ತವೆ.

ಹಲವರು ಏಕಕಾಲದಲ್ಲಿ ಅಂತರ್ಜಾಲದ ಮೂಲಕ ಸೇರಿ ಆಡುವ ಗುಂಡಿನ ಕಾಳಗದ ಆಟಗಳಲ್ಲಿ, ಆಟಗಾರನು ಪರದೆಯನ್ನು ಮುಟ್ಟುವ ಮೊದಲೇ ಎರಡು ಸಂಗತಿಗಳು ನಿರ್ಣಯವಾಗಿರುತ್ತವೆ: ಯಾವ ಆಯುಧಕ್ಕೆ ಎಷ್ಟು ಬಲ, ಯಾವ ನೆಲದಲ್ಲಿ ಯಾರಿಗೆ ಎಷ್ಟು ಅನುಕೂಲ. ಇವೆರಡರ ಹೊಂದಾಣಿಕೆಯನ್ನು ಆಟದ ಲೋಕದವರು ಬ್ಯಾಲೆನ್ಸ್ ಎನ್ನುತ್ತಾರೆ. ಸಮತೋಲ ಎಂದರೆ ಅರ್ಥ ಕೆಡುವುದಿಲ್ಲ. ಸಮತೋಲವನ್ನು ನಿರ್ಣಯಿಸುವ ಅಧಿಕಾರ ಇಡಿಯಾಗಿ ಆಟವನ್ನು ರಚಿಸಿದ ಕಂಪನಿಯದು. ಅದೇ ಶಾಸನಸಭೆ, ಅದೇ ನ್ಯಾಯಪೀಠ, ಅದೇ ಪೊಲೀಸು. ಮೇಲ್ಮನವಿಗೆ ಅವಕಾಶವಿಲ್ಲ.

ಸಮತೋಲವೆಂದರೆ ಎರಡೂ ಕಡೆಗೆ ಒಂದೇ ಬಲವನ್ನು ಕೊಡುವುದು ಎಂದು ತಿಳಿದವರು ಆಡು-ಹುಲಿ ಆಟವನ್ನು ನೆನೆಯಬೇಕು. ಗಡಿಯ ಎರಡೂ ಬದಿಗೆ ಬಲ್ಲ ಆಟ ಅದು, ತೆಲುಗರಿಗೆ ಪುಲಿಜೂದಂ. ತ್ರಿಕೋನದೊಳಗೆ ಎಳೆದ ಗೆರೆಗಳು, ಗೆರೆಗಳು ಕೂಡುವ 23 ಬಿಂದುಗಳು, 3 ಹುಲಿಗಳು, 15 ಆಡುಗಳು. ಇಂಥ ಆಟಗಳ ಮಣೆಗಳನ್ನು ಹಂಪಿಯ ಕಲ್ಲುಹಾಸುಗಳ ಮೇಲೆ ಕೆತ್ತಿರುವುದನ್ನು ಇಂದಿಗೂ ನೋಡಬಹುದು. ಹುಲಿಯು ಆಡಿನ ಮೇಲೆ ಹಾರಿ ಅದನ್ನು ಕೊಲ್ಲಬಲ್ಲದು. ಆಡಿಗೆ ಆ ಶಕ್ತಿಯಿಲ್ಲ. ಹುಲಿಯನ್ನು ಸುತ್ತುಗಟ್ಟಿ ಅಲುಗದಂತೆ ಮಾಡುವುದೊಂದೇ ಅದರ ದಾರಿ. ಅದೂ ಸಾಲದೆಂಬಂತೆ, 15 ಆಡುಗಳೂ ಮಣೆಗೆ ಇಳಿಯುವವರೆಗೆ ಇಳಿದವನ್ನು ಸರಿಸುವಂತಿಲ್ಲ. ಎರಡು ಪಕ್ಷಗಳ ಆಯುಧ ಬೇರೆ, ಸಂಖ್ಯೆ ಬೇರೆ, ಗೆಲುವಿನ ಅರ್ಥವೂ ಬೇರೆ. ಹಾಗಿದ್ದೂ ಆಡಿನ ಪಕ್ಷದವನು ಆಟದ ನಡುವೆ ಎದ್ದುಹೋಗುವುದಿಲ್ಲ, ಏಕೆಂದರೆ ಅವನಿಗೆ ಆಸೆಯಿದೆ. ಒಂದು ಹುಲಿಯನ್ನು ಹೆಚ್ಚಿಸಿ, ಅಥವಾ ಮಣೆಯ ಒಂದು ಗೆರೆಯನ್ನು ಅಳಿಸಿ ನೋಡಿದರೆ ಆ ಆಸೆ ಎಲ್ಲಿ ಕಟ್ಟಿದ್ದೆಂಬುದು ತಿಳಿಯುತ್ತದೆ. ಹುಲಿಯ ಸಂಖ್ಯೆಯನ್ನು ಬದಲಿಸುವುದು ಆಯುಧದ ತಿದ್ದುಪಡಿ. ಗೆರೆಯನ್ನು ಅಳಿಸುವುದು ನೆಲದ ತಿದ್ದುಪಡಿ. ಇಂದಿನ ಆಟಗಳ ರಚನಕಾರರು ಸಂಬಳ ಪಡೆದು ಮಾಡುವ ಕೆಲಸವೂ ಇಷ್ಟೇ.

ಈ ಕೆಲಸವನ್ನು ಅತ್ಯಂತ ಬಿಗಿಯಾಗಿ ಮಾಡಿದ ಆಟವೆಂದರೆ ಕೌಂಟರ್ ಸ್ಟ್ರೈಕ್. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ಹಾಫ್ ಲೈಫ್ ಎಂಬ ಬೇರೊಂದು ಆಟದ ಮೇಲೆ ಹವ್ಯಾಸಕ್ಕಾಗಿ ಕಟ್ಟಿದ್ದನ್ನು ಮುಂದೆ ವಾಲ್ವ್ ಕಂಪನಿ ತನ್ನದಾಗಿಸಿಕೊಂಡಿತು. ಮೊಬೈಲು ಅಗ್ಗವಾಗುವ ಮೊದಲು ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ನೆಟ್ ಸೆಂಟರುಗಳಲ್ಲಿ ಕುಳಿತು ಬೆಳೆದ ತಲೆಮಾರಿಗೆ ಅದರ 1.6 ಆವೃತ್ತಿಯ ಪರಿಚಯವಿದೆ. ಅಲ್ಲಿ ಆಯುಧವನ್ನು ಕೊಳ್ಳಬೇಕು, ಆ ಹಣವನ್ನು ಆಟದೊಳಗೇ ಗಳಿಸಬೇಕು. ಮೊದಲ ಸುತ್ತಿಗೆ ಎಲ್ಲರ ಕೈಯಲ್ಲೂ 800 ಡಾಲರು. ದಾಳಿ ಮಾಡುವವರಿಗೆ ಎಕೆ-47, ಬೆಲೆ 2500. ಕಾಯುವವರಿಗೆ ಎಂ4, ಬೆಲೆ 3100. ಎಕೆಯ ಒಂದೇ ಗುಂಡು ತಲೆಗೆ ತಗುಲಿದರೆ ಶಿರಸ್ತ್ರಾಣವೂ ಉಳಿಸುವುದಿಲ್ಲ. ಎಂ4 ಅಷ್ಟು ಉಗ್ರವಲ್ಲ, ಹೆಚ್ಚು ವಿಧೇಯ. ದಾಳಿಕೋರನು ತೆರೆದ ಜಾಗವನ್ನು ದಾಟಿ ಬರಬೇಕಾದವನು, ಕಾಯುವವನು ಮರೆಯಲ್ಲಿ ನಿಂತವನು. ಆದುದರಿಂದ ಉಗ್ರವಾದದ್ದು ಅಗ್ಗವಾಗಿ ದಾಳಿಕೋರನಿಗೆ ಸಲ್ಲುತ್ತದೆ. ನೆಲವು ಒಬ್ಬನಿಗೆ ಕೊಟ್ಟಿದ್ದನ್ನು ಬಂದೂಕು ಇನ್ನೊಬ್ಬನಿಗೆ ಹಿಂದಿರುಗಿಸುತ್ತದೆ. ಎಡಬ್ಲ್ಯುಪಿ ಎಂಬ ದೂರಗಾಮಿ ಬಂದೂಕು ಎದೆಗೆ ಬಿದ್ದ ಒಂದೇ ಹೊಡೆತಕ್ಕೆ ಕೊಲ್ಲುತ್ತದೆ; ಅದರ ಬೆಲೆ 4750, ಅದನ್ನು ಹೊತ್ತವನ ನಡಿಗೆ ನಿಧಾನ, ಗುರಿ ತಪ್ಪಿದರೆ ಮರುಹೊಡೆತದವರೆಗಿನ ಅವಧಿಯಲ್ಲಿ ಅವನು ಹೆಚ್ಚುಕಡಿಮೆ ನಿರಾಯುಧ. ಇಷ್ಟಾದರೂ ಉಳಿಯಬಹುದಾದ ಅಸಮತೆಯನ್ನು ತೊಡೆಯಲು ಅರ್ಧ ಪಂದ್ಯಕ್ಕೆ ಪಕ್ಷಗಳನ್ನು ಅದಲುಬದಲು ಮಾಡುತ್ತಾರೆ. ಹಳ್ಳಿಯ ವಾಲಿಬಾಲ್ ತಂಡಗಳು ಬಿಸಿಲು ಗಾಳಿಗಳ ಲೆಕ್ಕದಲ್ಲಿ ಅಂಕಣ ಬದಲಿಸಿಕೊಳ್ಳುವುದಕ್ಕೂ ಇದಕ್ಕೂ ತತ್ತ್ವ ಒಂದೇ.

ಇಷ್ಟು ತೂಗಿ ನೋಡಿದ ತಕ್ಕಡಿಯೂ ತಪ್ಪುತ್ತದೆ. 2015ರ ಡಿಸೆಂಬರಿನಲ್ಲಿ ಅದೇ ಕಂಪನಿ ಆರ್8 ಎಂಬ ಹೊಸ ರಿವಾಲ್ವರನ್ನು 850 ಡಾಲರಿಗೆ ಬಿಟ್ಟಿತು. ಅದು ದೂರಗಾಮಿ ಬಂದೂಕಿನ ಕೆಲಸವನ್ನು ಅದರ ಐದನೆಯ ಒಂದಂಶಕ್ಕೂ ಕಡಿಮೆ ಬೆಲೆಗೆ ಮಾಡತೊಡಗಿತು. ಎಲ್ಲರ ಕೈಯಲ್ಲೂ ಅದೇ. ವರ್ಷಗಟ್ಟಲೆ ಅಭ್ಯಾಸ ಮಾಡಿದವನ ವಿದ್ಯೆ ಒಂದು ರಾತ್ರಿಯಲ್ಲಿ ನಿರರ್ಥಕವಾಯಿತು. ಕೆಲವೇ ದಿನಗಳಲ್ಲಿ ಕಂಪನಿ ಅದರ ಬಲವನ್ನು ಕುಗ್ಗಿಸಬೇಕಾಯಿತು. ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ಎಸ್‌ಜಿ 553 ಎಂಬ ದುರ್ಬೀನಿರುವ ಬಂದೂಕು ಬಹುಕಾಲದಿಂದ ಆ ಆಟದಲ್ಲಿತ್ತು, ಕೊಳ್ಳುವವರು ವಿರಳ. 2018ರ ಅಕ್ಟೋಬರಿನಲ್ಲಿ ಅದರ ಬೆಲೆಯನ್ನು 3000ದಿಂದ 2750ಕ್ಕೆ ಇಳಿಸಿದರು. 250 ಡಾಲರಿನ ವ್ಯತ್ಯಾಸ. ಮುಂದಿನ ವರ್ಷ ವೃತ್ತಿಪರ ಪಂದ್ಯಗಳಲ್ಲೆಲ್ಲ ಅದರದೇ ಸದ್ದು. ಪ್ರೇಕ್ಷಕರು ಬೇಸತ್ತು ದೂರತೊಡಗಿದರು. ಕೊನೆಗೆ ಹಳೆಯ ಬೆಲೆ ಮರಳಿತು. ಬಂದೂಕು ಬಲಶಾಲಿಯಾಗಿದ್ದುದರಲ್ಲಿ ಆಕ್ಷೇಪವಿರಲಿಲ್ಲ. ಆ ಬಲಕ್ಕೆ ತೆರಬೇಕಾದ ಬೆಲೆ ಕಡಿಮೆಯಾದದ್ದು, ಹಾಗಾಗಿ ಬೇರೊಂದನ್ನು ಆಯ್ದುಕೊಳ್ಳುವುದು ಮೂರ್ಖತನವಾಗಿ ತೋರಿದ್ದು, ಆಟದ ರುಚಿಯನ್ನು ಕೆಡಿಸಿತು. ಆಯ್ಕೆ ಉಳಿದಿರುವವರೆಗೆ ಮಾತ್ರ ಆಯುಧಗಳ ಅಸಮತೆ ಆನಂದ ಕೊಡುತ್ತದೆ.

ಕ್ರಿಕೆಟ್ಟನ್ನು ಬಲ್ಲ ನಾಡಿನಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ. 1979ರಲ್ಲಿ ಪರ್ತ್ ಮೈದಾನಕ್ಕೆ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದ. ಬಳಿಕ ಬ್ಯಾಟು ಮರದ್ದೇ ಆಗಿರಬೇಕೆಂದು ನಿಯಮವಾಯಿತು. 2017ರಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದೆಂದೂ ಕಟ್ಟಳೆ ಬಂತು. ಆಯುಧ ಅಳತೆ ಮೀರಿದರೆ ಬೌಲರನು ಕೇವಲ ಚೆಂಡು ಎಸೆಯುವ ಯಂತ್ರವಾಗುತ್ತಾನೆಂಬ ಭಯ ಅದರ ಹಿಂದಿದೆ. ಆದರೆ ಅಲ್ಲಿ ಪಿಚ್ಚು ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಅನಂತಪುರದ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಮೈದಾನದಲ್ಲಿ 2024ರ ದುಲೀಪ್ ಟ್ರೋಫಿ ಪಂದ್ಯಗಳನ್ನು ನೋಡಲು ಹೋದವರು ಬೆಳಗ್ಗೆ ಮೊದಲು ನೋಡಿದ್ದು ನೆಲವನ್ನೇ ಇರಬೇಕು.

ನೆಲದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಹೊರಗಿನ ಉದಾಹರಣೆ ಬೇಡ. ಕಲ್ಯಾಣದುರ್ಗಕ್ಕೆ ಪಶ್ಚಿಮದಲ್ಲಿರುವ ಚಿತ್ರದುರ್ಗದ ಕೋಟೆಯಲ್ಲಿ ಒಂದು ಕಿಂಡಿ ಇದೆ. ಹೈದರಾಲಿಯ ಸೈನಿಕರು ಅದರ ಮೂಲಕ ನುಸುಳತೊಡಗಿದಾಗ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಕಥೆಯನ್ನು ಮಕ್ಕಳೂ ಬಲ್ಲರು. ಆಕೆಯ ಧೈರ್ಯದ ಬಗ್ಗೆ ಸಾಕಷ್ಟು ಹಾಡಿದ್ದೇವೆ. ಕಿಂಡಿಯ ಬಗ್ಗೆ ಯಾರೂ ಹಾಡಲಿಲ್ಲ. ಬಯಲಿನಲ್ಲಿ ಕತ್ತಿಯೆದುರು ಒನಕೆ ನಿಲ್ಲದು. ಒಬ್ಬೊಬ್ಬನೇ ತಲೆತಗ್ಗಿಸಿ ತೆವಳಿ ಬರಬೇಕಾದ ಬಂಡೆಯ ಸಂದಿನಲ್ಲಿ ಕತ್ತಿಯನ್ನು ಬೀಸಲು ಜಾಗವಿಲ್ಲ, ಒನಕೆಗೆ ಮಾತ್ರ ಜಾಗವಿದೆ. ಆಯುಧದ ಬಲ ಆಯುಧದಲ್ಲಿಲ್ಲ, ಅದು ನಿಂತ ನೆಲದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ದೊರೆಯದು. ಪೆನುಕೊಂಡ, ಮಡಕಶಿರಾ, ರಾಯದುರ್ಗಗಳ ಬೆಟ್ಟಗಳ ಮೇಲೆ ಕೋಟೆ ಕಟ್ಟಿಸಿದವರು ಅಸಮತೋಲವನ್ನು ಬೇಕೆಂದೇ ಕಟ್ಟಿಸಿದರು. ಯುದ್ಧದಲ್ಲಿ ಅದೇ ವಿವೇಕ. ಆಟದ ಭೂಮಿಯನ್ನು ರಚಿಸುವವನಿಗೆ ಮಾತ್ರ ವಿಚಿತ್ರ ಹೊಣೆ. ಅವನು ಕಿಂಡಿಯನ್ನೂ ಇಡಬೇಕು, ಕಿಂಡಿಯನ್ನು ಬಳಸಿ ಬರುವ ಇನ್ನೊಂದು ದಾರಿಯನ್ನೂ ಇಡಬೇಕು.

2001ರಲ್ಲಿ ಡೇವಿಡ್ ಜಾನ್‌ಸ್ಟನ್ ರಚಿಸಿದ ಡಸ್ಟ್ 2 ಎಂಬ ಭೂಮಿ ಇಂದಿಗೂ ಬಾಳಿರುವುದು ಈ ಜಾಣ್ಮೆಯಿಂದ. ಅದರಲ್ಲಿ ಒಂದು ಉದ್ದನೆಯ ಬೀದಿಯಿದೆ. ಅಲ್ಲಿ ದೂರಗಾಮಿ ಬಂದೂಕಿನದೇ ರಾಜ್ಯ. ಮತ್ತೊಂದು ಕಡೆ ಸುರಂಗವಿದೆ. ಅಲ್ಲಿ ಆ ದುಬಾರಿ ಬಂದೂಕು ಹೊರೆಯಾಗಿ, ಹತ್ತಿರದಿಂದ ಚಿಮ್ಮುವ ಅಗ್ಗದ ಆಯುಧ ಗೆಲ್ಲುತ್ತದೆ. ನಡುವೆ ಎರಡನ್ನೂ ಕೂಡಿಸುವ ದಾರಿ. ಯಾವ ದಾರಿಯನ್ನು ಹಿಡಿಯಬೇಕೆಂಬ ನಿರ್ಧಾರವೇ ಆಟವಾಗುತ್ತದೆ. ಪಂದ್ಯಗಳ ಭೂಮಿಗಳ ಪಟ್ಟಿಯಿಂದ 2017ರಲ್ಲಿ ಅದನ್ನು ತೆಗೆದು, ತಿದ್ದಿ, 2018ರಲ್ಲಿ ಮತ್ತೆ ಸೇರಿಸಿದರು.

ಪಬ್‌ಜಿ ಬಂದ ಮೇಲೆ ತಕ್ಕಡಿಯ ಸ್ವರೂಪ ಬದಲಾಯಿತು. 2018ರಲ್ಲಿ ಮೊಬೈಲಿಗೆ ಬಂದ ಈ ಆಟದಲ್ಲಿ 100 ಜನ ವಿಮಾನದಿಂದ ಬರಿಗೈಯಲ್ಲಿ ಧುಮುಕುತ್ತಾರೆ. ಆಯುಧ ಕೊಳ್ಳುವುದಿಲ್ಲ, ಮನೆಮನೆ ಹುಡುಕುತ್ತಾರೆ. ಒಬ್ಬನಿಗೆ ಇಳಿದ ಮನೆಯಲ್ಲೇ ಎಂ416 ದೊರೆತರೆ ಇನ್ನೊಬ್ಬನಿಗೆ ಬಾಣಲೆ ದೊರೆಯುತ್ತದೆ. ಬಾಣಲೆಯೂ ಅಲ್ಲಿ ಆಯುಧ. ಬೆನ್ನಿಗೆ ಕಟ್ಟಿಕೊಂಡರೆ ಗುಂಡನ್ನೂ ತಡೆಯುತ್ತದೆ. ಎರಾಂಗೆಲ್ ಭೂಮಿ ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ. ಸಾನ್‌ಹಾಕ್ ನಾಲ್ಕಕ್ಕೆ ನಾಲ್ಕು. ಎರಡೂ ಕಡೆ ಬಂದೂಕುಗಳು ಬಹುಪಾಲು ಅವೇ. ಆದರೂ ಎರಾಂಗೆಲ್ ಬಯಲಿನಲ್ಲಿ ಕಾರ್98 ಹಿಡಿದು ಗುಡ್ಡದ ಮೇಲೆ ಮಲಗುವವನು ಸಾನ್‌ಹಾಕ್ ಕಾಡಿನಲ್ಲಿ ಹತ್ತು ಹೆಜ್ಜೆ ದೂರದ ಶತ್ರುವನ್ನು ಕಾಣಲಾರ. ನೆಲವನ್ನು ಕಿರಿದಾಗಿಸಿದ ಮಾತ್ರಕ್ಕೆ ಆಯುಧಗಳ ಅಂತಸ್ತು ತಲೆಕೆಳಗಾಗುತ್ತದೆ.

ಇಷ್ಟೊಂದು ಅದೃಷ್ಟದ ಆಟದಲ್ಲಿ ಕೌಶಲಕ್ಕೆ ಸ್ಥಾನವಿದೆಯೇ? ಸಮೀಪದ ಪ್ರಶ್ನೆಯೊಂದು ಆಂಧ್ರಪ್ರದೇಶದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡುತ್ತಿದ್ದುದಕ್ಕೆ ಹೂಡಿದ ಮೊಕದ್ದಮೆಯಲ್ಲಿ, ಆಂಧ್ರಪ್ರದೇಶ ರಾಜ್ಯ ವಿರುದ್ಧ ಕೆ. ಸತ್ಯನಾರಾಯಣ ಎಂದು ಹೆಸರಾದ 1967ರ ತೀರ್ಪು, ಎಲೆಗಳು ಅದೃಷ್ಟದಿಂದ ಬಂದರೂ ಅವನ್ನು ಹಿಡಿಯುವುದು ಬಿಡುವುದು ನೆನಪು ಮತ್ತು ಕೌಶಲದ ಕೆಲಸವೆಂದು ಹೇಳಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಎಣಿಸಿತು. ಪಬ್‌ಜಿಗೂ ಈ ಅಳತೆಗೋಲು ಒಪ್ಪುತ್ತದೆ. ದೊರೆತದ್ದು ಅದೃಷ್ಟ, ದೊರೆತದ್ದರಿಂದ ಏನು ಮಾಡಿದ ಎಂಬುದು ಆಟಗಾರನದು. ಆಕಾಶದಿಂದ ಬೀಳುವ ಪೆಟ್ಟಿಗೆಯಲ್ಲಿ ಅತ್ಯುಗ್ರವಾದ ಎಡಬ್ಲ್ಯುಎಂ ಇದ್ದರೆ ಆ ಪೆಟ್ಟಿಗೆ ಕೆಂಪು ಹೊಗೆಯುಗುಳುತ್ತ ತನ್ನ ಇರವನ್ನು ಎಲ್ಲರಿಗೂ ಸಾರುತ್ತದೆ. ಬೇಕಾದವನು ಪ್ರಾಣದ ಹಂಗು ತೊರೆದು ಹೋಗಿ ತರಬೇಕು. ಬೆಲೆ ಇಲ್ಲಿಯೂ ಇದೆ, ಡಾಲರಿನಲ್ಲಿಲ್ಲ ಅಷ್ಟೆ. ಇದಲ್ಲದೆ ಸ್ವಲ್ಪ ಅದೃಷ್ಟ ಬೆರೆತಿರುವುದು ಕೌಶಲ ಕಡಿಮೆಯಿರುವವನನ್ನು ಆಟದಲ್ಲಿ ಉಳಿಸುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಜನ ಸೋಲಲೇಬೇಕಾದ ಆಟದಲ್ಲಿ ಇದು ಸಣ್ಣ ಸೌಜನ್ಯವಲ್ಲ.

ದೂರಿನ ನಿಜವಾದ ತಿರುಳು ಬೇರೆಡೆ ಇದೆ. ಬಾಣಲೆ ಸಿಕ್ಕವನ ಸಿಟ್ಟು ಮುಂದಿನ ಪಂದ್ಯಕ್ಕೆ ತಣಿಯುತ್ತದೆ. ಆಟದ ಹೊರಗಿನ ಹಣ ಆಟದ ಒಳಗಿನ ಬಲವಾಗಿ ಮಾರ್ಪಟ್ಟಾಗ ಮಾತ್ರ ಅದು ತಣಿಯುವುದಿಲ್ಲ. ಅಗ್ಗದ ಮೊಬೈಲಿನಲ್ಲೂ ಓಡುವ ಕಾರಣಕ್ಕೆ ಸಣ್ಣ ಊರುಗಳನ್ನು ಗೆದ್ದುಕೊಂಡ ಫ್ರೀ ಫೈರ್ ಆಟದಲ್ಲಿ ಬಂದೂಕಿನ ಸ್ಕಿನ್ ಎಂದರೆ ಬಣ್ಣದ ಹೊದಿಕೆ ಮಾತ್ರವಲ್ಲ. ಹಲವು ಸ್ಕಿನ್‌ಗಳು ಹೊಡೆತದ ಬಲವನ್ನೋ ಗುಂಡು ಚಿಮ್ಮುವ ವೇಗವನ್ನೋ ಹೆಚ್ಚಿಸುತ್ತವೆ. ಅವುಗಳಲ್ಲಿ ಅನೇಕವನ್ನು ಪಡೆಯಲು ಡೈಮಂಡುಗಳು ಬೇಕು, ಡೈಮಂಡುಗಳಿಗೆ ರೂಪಾಯಿ ಬೇಕು. ಅದೂ ನೇರ ಖರೀದಿಯಲ್ಲ, ಚಕ್ರ ತಿರುಗಿಸಿ ಬಂದದ್ದನ್ನು ಪಡೆಯಬೇಕು. ಪಬ್‌ಜಿಯಲ್ಲಿ ಹೊದಿಕೆ ಹೊದಿಕೆಯಾಗಿಯೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಹುಲಿಯ ಪಕ್ಷದವನು ಅಂಗಡಿಗೆ ಹೋಗಿ ನಾಲ್ಕನೆಯ ಹುಲಿಯನ್ನು ಕೊಂಡು ತಂದರೆ ಆಡಿನ ಪಕ್ಷದವನು ಏನು ಮಾಡಬೇಕು? ಅವನೂ ಅಂಗಡಿಗೆ ಹೋಗಬೇಕೆಂಬುದೇ ಅಂಗಡಿಯವನ ಆಶಯ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನ ಮನೆಯಲ್ಲಿ, ಕಲ್ಯಾಣದುರ್ಗದ ಕಡಲೆಕಾಯಿ ಹೊಲಗಳ ನಡುವಿನ ಮನೆಯಲ್ಲಿ, ತಂದೆಯ ಫೋನಿನಲ್ಲೇ ಬ್ಯಾಂಕಿನ ಖಾತೆಯೂ ಇರುತ್ತದೆ, ಮಗನ ಆಟವೂ ಇರುತ್ತದೆ. ಎರಡರ ನಡುವೆ ಇರುವುದು ನಾಲ್ಕಾರು ಅಂಕಿಗಳ ಗುಪ್ತಸಂಖ್ಯೆ.

ಕೊಳ್ಳದೆಯೂ ಸೋಲುವ ಬಗೆಗಳುಂಟು. ದುಬಾರಿ ಫೋನಿನ ಪರದೆ ಸೆಕೆಂಡಿಗೆ 90 ಚಿತ್ರಗಳನ್ನು ತೋರಿಸುವಾಗ ಹಳೆಯ ಫೋನು 30ಕ್ಕೆ ಏದುಸಿರು ಬಿಡುತ್ತದೆ. ಅಗಲವಾದ ಟ್ಯಾಬ್ಲೆಟ್ಟಿನಲ್ಲಿ ಆಡುವವನಿಗೆ ನೆಲವೇ ಹೆಚ್ಚು ಕಾಣುತ್ತದೆ. ಕೈಯಲ್ಲಿ ಒಂದೇ ಬಂದೂಕು, ಕಾಲಡಿ ಒಂದೇ ನೆಲ; ಕಣ್ಣು ಮಾತ್ರ ಬೇರೆ. ಪಿಂಗ್ ಎಂಬುದು ಇನ್ನೊಂದು. ಟ್ರಿಗರನ್ನು ಒತ್ತಿದ ಸಂದೇಶ ದೂರದ ಸರ್ವರಿಗೆ ಹೋಗಿ ಮರಳುವ ಕಾಲ ಅದು. ಊರ ನಡುವೆ ನಿಂತವನಿಗೂ, ಟವರಿನಿಂದ ದೂರದ ಹಳ್ಳಿಯ ಜಗಲಿಯಲ್ಲಿ ಕುಳಿತವನಿಗೂ ಆ ಕಾಲ ಒಂದೇ ಅಲ್ಲ. ಮೊದಲು ಗುಂಡು ಹಾರಿಸಿದ್ದು ತಾನೇ ಎಂದು ಹಳ್ಳಿಯ ಹುಡುಗ ಆಣೆಯಿಟ್ಟು ಹೇಳಿದರೆ ನಂಬಬಹುದು. ಅವನ ಫೋನಿನ ಮಟ್ಟಿಗೆ ಅದು ಸತ್ಯ.

ಕಾನೂನು ಈ ಆಟಗಳನ್ನು ಹಲವು ಬಾರಿ ಮುಟ್ಟಿದೆ, ಪ್ರತಿಬಾರಿಯೂ ಬೇರೆ ಕಾರಣಕ್ಕೆ. 2020ರ ಸೆಪ್ಟೆಂಬರ್ 2ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ನಿಷೇಧವಾದ 118 ಆ್ಯಪುಗಳಲ್ಲಿ ಪಬ್‌ಜಿ ಒಂದು. ಕಾರಣ ದೇಶದ ಸಾರ್ವಭೌಮತೆ ಮತ್ತು ಭದ್ರತೆ. 2022ರ ಫೆಬ್ರವರಿಯಲ್ಲಿ ಫ್ರೀ ಫೈರಿಗೂ ಅದೇ ಗತಿಯಾಯಿತು. ಅದರ ಮ್ಯಾಕ್ಸ್ ಎಂಬ ಅವತಾರ ಮಾತ್ರ ಉಳಿಯಿತು. ಪಬ್‌ಜಿ 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು, ಮರುವರ್ಷ ಜುಲೈಯಲ್ಲಿ ಮರೆಯಾಯಿತು, 2023ರಲ್ಲಿ ಹದಿನೆಂಟರ ಕೆಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯೊಂದಿಗೆ ಮರಳಿತು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗೆ ಮನ್ನಣೆ ಕೊಟ್ಟಿದೆ. ಭದ್ರತೆ, ಚಟ, ಜೂಜು, ಇವೆಲ್ಲ ಚರ್ಚೆಗೆ ಬಂದವು. ಆಟದೊಳಗಿನ ನ್ಯಾಯ ಬರಲಿಲ್ಲ. ಒಂದು ಬಂದೂಕಿನ ಸ್ಕಿನ್ನಿಗೆ ಹಣ ತೆತ್ತವನಿಗೆ ಮರುತಿಂಗಳು ಅದೇ ಬಂದೂಕಿನ ಬಲ ಕುಗ್ಗಿದರೆ ಪರಿಹಾರವೇನು? ಯಾರೂ ಓದದೆ ಒಪ್ಪಿಗೆಯೊತ್ತುವ ಕರಾರಿನ ಪ್ರಕಾರ ಅವನು ಕೊಂಡದ್ದು ಬಳಕೆಯ ಅನುಮತಿಯನ್ನು, ವಸ್ತುವನ್ನಲ್ಲ. ಆದರೆ ಕರಾರು ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕನು ಕರಾರು ಮಾಡಲು ಅರ್ಹನೇ ಅಲ್ಲ. ಅವನ ಕರಾರು ಮೂಲತಃ ಅಸಿಂಧುವೆಂದು ಪ್ರಿವಿ ಕೌನ್ಸಿಲು ಮೋಹೊರಿ ಬೀಬಿ ಮೊಕದ್ದಮೆಯಲ್ಲಿ 1903ರಲ್ಲೇ ಹೇಳಿದೆ. ಹದಿನಾಲ್ಕರ ಹುಡುಗನ ಡೈಮಂಡು ಖರೀದಿಗೆ ಆ ತೀರ್ಪನ್ನು ಅನ್ವಯಿಸಿ ವಾದಿಸುವ ಅವಕಾಶ ತೆರೆದೇ ಇದೆ. ಆದರೆ ಮುನ್ನೂರು ರೂಪಾಯಿಗಾಗಿ ಅಷ್ಟು ದೂರ ಹೋಗುವ ತಂದೆ ಯಾರು?

ಹುಡುಗರು ಕೋರ್ಟಿಗಾಗಿ ಕಾದು ಕುಳಿತಿಲ್ಲ. ಫ್ರೀ ಫೈರಿನಲ್ಲಿ ತಮ್ಮತಮ್ಮಲ್ಲೇ ಪಂದ್ಯ ಕಟ್ಟಲು ಕಸ್ಟಮ್ ರೂಮ್ ಎಂಬ ಏರ್ಪಾಟಿದೆ. ಕೋಣೆ ತೆರೆದವನು ಭೂಮಿಯನ್ನು ಆರಿಸಬಹುದು, ಪಾತ್ರಗಳ ವಿಶೇಷ ಶಕ್ತಿಗಳನ್ನು ಬಿಡಬಹುದು ಅಥವಾ ತಡೆಯಬಹುದು. ಅಲ್ಲಿಯೇ ಗನ್ ಆಟ್ರಿಬ್ಯೂಟ್ ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಆರಿಸಿದರೆ ಕೊಂಡ ಸ್ಕಿನ್ನುಗಳ ಬಣ್ಣ ಉಳಿಯುತ್ತದೆ, ಬಲ ಉಳಿಯುವುದಿಲ್ಲ. ಅಂಗಳ ಡೊಂಕೆಂಬುದಕ್ಕೆ ಇದಕ್ಕಿಂತ ಮೇಲಾದ ತಪ್ಪೊಪ್ಪಿಗೆ ಕಂಪನಿಯಿಂದ ಬರಬೇಕಾಗಿಲ್ಲ. ಊರ ಮಾನದ ಪ್ರಶ್ನೆಯಾಗಿ ಎರಡು ಬೀದಿಗಳ ತಂಡಗಳು ನಾಲ್ಕಕ್ಕೆ ನಾಲ್ಕು ಆಡಲು ಕುಳಿತಾಗ, ಯಾವ ಭೂಮಿ ಎಂಬ ಮಾತಿಗೂ ಮೊದಲು ಅವರು ಕೇಳಿಕೊಳ್ಳುವುದು ಒಂದೇ: ಆಟ್ರಿಬ್ಯೂಟ್ ಆನೋ, ಆಫೋ? ಆಫ್ ಎಂದಾದ ಮೇಲೆ, ಡೈಮಂಡು ಕೊಂಡವನೂ ಕೊಳ್ಳದವನೂ ಫೋನನ್ನು ಚಾರ್ಜಿಗೆ ಸಿಕ್ಕಿಸಿ ಒಂದೇ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾರೆ.